ಹಿಡಿಯ ಮೇಲಣ ಸುತ್ತು

ಸೈಕಲ್ಲೆಂಬ ಯಂತ್ರವು ಸವಾರನ ಶರೀರವನ್ನು ಮುಟ್ಟುವುದು ಆಸನ, ಪೆಡಲು, ಹ್ಯಾಂಡಲು ಎಂಬ ಮೂರೇ ತಾಣಗಳಲ್ಲಿ. ಇವುಗಳಲ್ಲಿ ಮೊದಲನೆಯದರ ಯೋಗಕ್ಷೇಮವನ್ನು ಕುರಿತು ಸವಾರರು ನಡೆಸುವ ಚರ್ಚೆಗೆ ಕೊನೆಯೆಂಬುದಿಲ್ಲ. ಎರಡನೆಯದರ ಸಲುವಾಗಿ ಅವರು ಪಾದರಕ್ಷೆಯ ಅಂಗಡಿಗಳನ್ನು ಅಲೆಯುತ್ತಾರೆ. ಮೂರನೆಯದನ್ನು ಮಾತ್ರ ಮಾರಿದವನು ಹೇಗೆ ಸುತ್ತಿಕೊಟ್ಟನೋ ಹಾಗೆಯೇ ಅಂಗೀಕರಿಸಿ, ಪಟ್ಟಿ ಹರಿದು ಜೋಲುವ ತನಕ ಅದರತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಮುಂದಕ್ಕೆ ಚಾಚಿ, ಕೆಳಕ್ಕೆ ಬಾಗಿ, ಮತ್ತೆ ಹಿಂದಕ್ಕೆ ತಿರುಗುವ ರೋಡ್ ಬೈಕಿನ ಹ್ಯಾಂಡಲಿಗೆ ಪಟ್ಟಿಯನ್ನು ಸುತ್ತುವ ಕೆಲಸವನ್ನು ಸವಾರನು ಸ್ವತಃ ಕಲಿಯತಕ್ಕದ್ದೆಂಬುದು ನನ್ನ ಮತ. ಇದಕ್ಕೆ ಕಾರಣ ಮಿತವ್ಯಯವಲ್ಲ, ಮೆಕಾನಿಕ್ಕನಿಗೆ ಕೊಡುವ ಮಜೂರಿ ಅಷ್ಟೇನೂ ದೊಡ್ಡದಲ್ಲ. ತನ್ನ ಅಂಗೈ ಎಲ್ಲಿ ಹೆಚ್ಚು ಹೊತ್ತು ಊರಿರುತ್ತದೆ, ಎಲ್ಲಿ ಬೆರಳು ಜಾರುತ್ತದೆ, ಎಲ್ಲಿ ಬೆವರು ನಿಲ್ಲುತ್ತದೆ ಎಂಬುದನ್ನು ಬಲ್ಲವನು ಸವಾರನೊಬ್ಬನೇ. ಸುತ್ತಿನ ಸಾಂದ್ರತೆಯನ್ನು ಅದಕ್ಕೆ ತಕ್ಕಂತೆ ನಿರ್ಧರಿಸಬಲ್ಲವನೂ ಅವನೇ.

ಬರಿಯ ಹ್ಯಾಂಡಲನ್ನು ಹಿಡಿದು ನೋಡಿದವರಿಗೆ ಪಟ್ಟಿಯ ಅಗತ್ಯವನ್ನು ವಿವರಿಸಬೇಕಾದುದಿಲ್ಲ. ಹಿಡಿಯುವ ಭಾಗದಲ್ಲಿ ಆ ಕೊಳವೆಯ ಹೊರವ್ಯಾಸ ಸಾಮಾನ್ಯವಾಗಿ 23.8 ಮಿಲಿಮೀಟರು, ಅಲ್ಯೂಮಿನಿಯಮ್ಮೇ ಆಗಲಿ ಕಾರ್ಬನ್ನೇ ಆಗಲಿ, ರಸ್ತೆಯ ಪ್ರತಿಯೊಂದು ಕಂಪನವನ್ನೂ ಅದು ನೇರವಾಗಿ ಅಂಗೈಗೆ ಒಪ್ಪಿಸಿಬಿಡುತ್ತದೆ. ಕಿರುಬೆರಳಿನ ಕಡೆಯ ಅಂಗೈಯ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರದ ಮೇಲೆ ಈ ಒತ್ತಡ ಗಂಟೆಗಟ್ಟಲೆ ಬಿದ್ದಲ್ಲಿ ಕಿರುಬೆರಳೂ ಉಂಗುರಬೆರಳೂ ಜೋಮು ಹಿಡಿಯುತ್ತವೆ. ವೈದ್ಯರ ಗ್ರಂಥಗಳಲ್ಲಿ ಈ ಬಾಧೆಗೆ ಸೈಕಲ್ ಸವಾರರ ಹೆಸರೇ ಅಂಟಿಕೊಂಡಿದೆ. 1896ರಿಂದ ನಡೆದುಬಂದಿರುವ ಪ್ಯಾರಿಸ್–ರೂಬೆ ಪಂದ್ಯದಲ್ಲಿ, ಉತ್ತರ ಫ್ರಾನ್ಸಿನ ಕಲ್ಲುಹಾಸಿನ ಹಳ್ಳಿದಾರಿಗಳ ಮೇಲೆ ದಿನವಿಡೀ ಕುಲುಕಾಡಬೇಕಾದ ಸ್ಪರ್ಧಿಗಳ ಹ್ಯಾಂಡಲಿಗೆ ಮೆಕಾನಿಕ್ಕುಗಳು ಒಂದರ ಮೇಲೊಂದರಂತೆ ಎರಡು ಪಟ್ಟಿಗಳನ್ನು ಸುತ್ತುತ್ತಿದ್ದುದುಂಟು. ನಮ್ಮ ರಸ್ತೆಗಳೂ ಅದಕ್ಕೆ ಕಡಿಮೆಯವಲ್ಲವೆಂದು ಹೇಳಿ ಆ ಪದ್ಧತಿಯನ್ನು ಅನುಕರಿಸುವವರಿದ್ದಾರೆ. ಆದರೆ ಹಿಡಿ ದಪ್ಪವಾದಷ್ಟೂ ಸಣ್ಣ ಕೈಯವರಿಗೆ ಪಕಡು ಸಡಿಲವಾಗುವುದರಿಂದ, ಒಂದೇ ಪಟ್ಟಿಯನ್ನು ಒಪ್ಪವಾಗಿ ಸುತ್ತಿ, ಟೈರಿನ ಗಾಳಿಯನ್ನು ಸ್ವಲ್ಪ ಇಳಿಸುವುದೇ ಮೇಲೆಂದು ನನಗೆ ತೋರುತ್ತದೆ.

ಪಟ್ಟಿಯ ದ್ರವ್ಯವನ್ನು ಕುರಿತು ಎರಡು ಮಾತು. ಬಹುಕಾಲ ಯೂರೋಪಿನ ಹ್ಯಾಂಡಲುಗಳನ್ನು ಆಳಿದ್ದು ಹತ್ತಿಯ ನೇಯ್ಗೆಯ ತೆಳು ಪಟ್ಟಿ. ಫ್ರಾನ್ಸಿನ ವೆಲಾಕ್ಸ್ ಸಂಸ್ಥೆಯ ಟ್ರೆಸೋಸ್ಟಾರ್ ಅವುಗಳಲ್ಲಿ ಪ್ರಸಿದ್ಧವಾದುದು. ಹತ್ತಿಗೆ ಬೆವರನ್ನು ಹೀರುವ ಗುಣವಿದ್ದಂತೆ ಕೊಳೆಯನ್ನು ಹೀರುವ ಅವಗುಣವೂ ಇರುವುದರಿಂದ, ರಸಿಕರಾದವರು ಅದರ ಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಕುಂಚದಿಂದ ಲೇಪನದ ಮೇಲೆ ಲೇಪನವಾಗಿ ಬಳಿದು, ಬಿಳಿಯ ಪಟ್ಟಿಗೆ ಕಂದುಬಣ್ಣದ ಹೊಳಪನ್ನೂ ಆಯುಷ್ಯವನ್ನೂ ಒಟ್ಟಿಗೆ ತರುತ್ತಿದ್ದರು. ಜಾರ್ಖಂಡದ ಕಾಡುಗಳಲ್ಲಿ ಕೀಟವೊಂದು ರೆಂಬೆಗಳ ಮೇಲೆ ಸ್ರವಿಸುವ, ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ಮೆರುಗು ಕೊಡುವ, ದುರ್ಯೋಧನನು ದಾಯಾದಿಗಳಿಗೆ ಮನೆ ಕಟ್ಟಿಸಲು ಆರಿಸಿಕೊಂಡ ಆ ವಸ್ತು, ವಿದೇಶದ ಸವಾರರ ಮುಷ್ಟಿಯೊಳಕ್ಕೆ ಇಂಥ ನಿರಪಾಯಕರವಾದ ಕೆಲಸಕ್ಕಾಗಿ ಹೋಗಿ ಸೇರಿತೆಂಬುದು ನನಗೆ ಎಂದಿಗೂ ಸಂತೋಷ ಕೊಡುವ ಸಂಗತಿ. ಅನಂತರ ಬಂದ ಬೆನೊಟ್ಟೊ ಎಂಬ ಮಿರುಗುವ ಪ್ಲಾಸ್ಟಿಕ್ಕಿನ ಪಟ್ಟಿಯಲ್ಲಿ ನೋಟವಿತ್ತೇ ಹೊರತು ಮೃದುತ್ವವೆಂಬುದಿರಲಿಲ್ಲ. 1980ರ ದಶಕದ ಉತ್ತರಾರ್ಧದಲ್ಲಿ ಇಟಲಿಯ ಚಿನೆಲ್ಲಿ ಸಂಸ್ಥೆಯವರು ಬೆಂಡಿನ ಕಣಗಳನ್ನು ಬೆರೆಸಿದ ಮೆತ್ತನೆಯ ಪಟ್ಟಿಯನ್ನು ತಂದಮೇಲೆ ಉಳಿದವೆಲ್ಲ ಹಿನ್ನೆಲೆಗೆ ಸರಿದುವು. ಈಚಿನ ಪಾಲಿಮರ್ ಪಟ್ಟಿಗಳು ಅಂಗೈಗೆ ಹೆಚ್ಚು ಹಿಡಿತವನ್ನು ಕೊಡುತ್ತವೆ, ಬೆಲೆಯೂ ಹಾಗೆಯೇ ಇದೆ. ಕಲಿಯುವವನು ಮಾತ್ರ ಬೆಂಡಿನ ಪಟ್ಟಿಯನ್ನೇ ತರತಕ್ಕದ್ದು. ಏಕೆಂದರೆ ಹದವಾಗಿ ಎಳೆದರೆ ಅದು ಬಳುಕಿ ಕೂರುತ್ತದೆ, ಹದ ಮೀರಿದರೆ ಅಲ್ಲಿಯೇ ಕಿತ್ತುಬಂದು ಎಳೆದವನ ಆತುರವನ್ನು ಬಯಲುಮಾಡುತ್ತದೆ.

ಈ ವಿದ್ಯೆಯ ಸರ್ವಸ್ವವೂ ಎಳೆತದ ಹದದಲ್ಲಿದೆ. ಪಟ್ಟಿಯ ಬೆನ್ನಿಗೆ ಅಂಟಿನ ಒಂದು ಗೆರೆ ಇರುವುದಷ್ಟೆ. ಹೊಸಬರು ಅದನ್ನೇ ನಂಬಿ, ಸಡಿಲವಾಗಿ ಸುತ್ತಿ, ಮೇಲಿನಿಂದ ಒತ್ತಿ ಅಂಟಿಸುತ್ತಾರೆ. ಆ ಅಂಟು ಸುತ್ತುವಾಗ ಪಟ್ಟಿ ಅತ್ತಿತ್ತ ಸರಿಯದಂತೆ ನೆರವಾಗುವುದೇ ಹೊರತು, ಬೇಸಗೆಯ ಬಿಸಿಲಿಗೂ ಬೆವರಿಗೂ ಎದುರಾಗಿ ಅದನ್ನು ತಿಂಗಳುಗಟ್ಟಲೆ ಹಿಡಿದಿಡಲಾರದು. ಪಟ್ಟಿಯನ್ನು ಹಿಡಿದಿಡತಕ್ಕದ್ದು ಪಟ್ಟಿಯೇ: ಬುಗುರಿಗೆ ಚಾಟಿ ಸುತ್ತುವ ಹುಡುಗನು ಮೊಳೆಯ ಬುಡದಿಂದ ಹೊರಟು ಪ್ರತಿ ಸುತ್ತಿನಿಂದಲೂ ಹಿಂದಿನ ಸುತ್ತನ್ನು ಅದುಮುತ್ತ ಮೇಲೇರುವಂತೆ, ಇಲ್ಲಿಯೂ ಹ್ಯಾಂಡಲಿನ ಕೆಳತುದಿಯಿಂದ ಹೊರಟು, ಒಂದೊಂದು ಸುತ್ತೂ ಹಿಂದಿನದರ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಆವರಿಸುವಂತೆ, ಬಿಗಿಯನ್ನು ಎಲ್ಲಿಯೂ ಬಿಡದೆ ಮೇಲಕ್ಕೆ ನಡೆಯಬೇಕು. ಕೆಳಗಿನಿಂದ ಆರಂಭಿಸುವುದಕ್ಕೆ ಕಾರಣವುಂಟು. ಹಾಗೆ ಸುತ್ತಿದಲ್ಲಿ ಅಂಚುಗಳೆಲ್ಲ ಕೆಳಮುಖವಾಗಿರುವುದರಿಂದ, ಕೈಯ ಭಾರ ಕೆಳಕ್ಕೆ ಜಗ್ಗಿದಾಗ ಅವು ಮಡಿಚಿ ಮೇಲೇಳುವುದಿಲ್ಲ. ಮೇಲಿನಿಂದ ಸುತ್ತಿ, ಕೊನೆಯನ್ನು ಕೊಳವೆಯ ಬಾಯೊಳಗೆ ತುರುಕಿ ಬಿರಡೆ ಹಾಕುವ ಹಳೆಯ ಕ್ರಮದಲ್ಲಿ ನೋಟದ ಅಚ್ಚುಕಟ್ಟು ಹೆಚ್ಚು; ತೆಳುವಾದ ಹತ್ತಿಗೆ ಅದು ಒಪ್ಪುತ್ತದೆ, ದಪ್ಪ ಪಟ್ಟಿಗೆ ಒಪ್ಪದು.

ಕಷ್ಟವೆಲ್ಲ ಬಾಗಿನಲ್ಲಿ. ನೇರವಾದ ಕೊಳವೆಯ ಮೇಲೆ ಯಾರಾದರೂ ಸುತ್ತಿಯಾರು; ಬಾಗಿನ ಹೊರಮೈಯಲ್ಲಿ ಪಟ್ಟಿಗಳು ಒಂದನ್ನೊಂದು ಬಿಟ್ಟು ಅಗಲುತ್ತವೆ, ಒಳಮೈಯಲ್ಲಿ ಒಂದರ ಮೇಲೊಂದು ಬಿದ್ದು ಗುಡ್ಡೆಯಾಗುತ್ತವೆ. ಹೊರಮೈಯ ಸಂಧಿಯ ಮೇಲೆಯೇ ಕಣ್ಣಿಟ್ಟು, ಪಟ್ಟಿಯ ಓರೆಯನ್ನು ಸುತ್ತುಸುತ್ತಿಗೂ ಕೂದಲೆಳೆಯಷ್ಟು ಬದಲಿಸುತ್ತ ಹೋದಲ್ಲಿ ಒಳಮೈ ತಾನಾಗಿ ಸರಿಹೋಗುತ್ತದೆ. ಬ್ರೇಕ್ ಲಿವರು ಎದುರಾದಾಗ, ಅದರ ರಬ್ಬರಿನ ಹೊದಿಕೆಯನ್ನು ಮೊದಲೇ ಮಡಿಚಿಟ್ಟು, ಬೆನ್ನಿನ ಲೋಹ ಇಣುಕದಂತೆ ಗೇಣಿಗಿಂತ ಕಿರಿದಾದ ತುಂಡುಪಟ್ಟಿಯೊಂದನ್ನು ಅಡ್ಡಲಾಗಿ ಅಂಟಿಸಿಕೊಂಡು, ಅದರ ಮೇಲೆ ಹಾದು ಮುಂದುವರಿಯಬೇಕು. ಬಲಗೈಯವನಿಗೆ ಬಲಮಗ್ಗುಲು ಸುಲಭ; ಎಡಮಗ್ಗುಲಲ್ಲಿ ಅದೇ ಚಲನೆ ಕನ್ನಡಿಯೊಳಗಿನ ಬಿಂಬದಂತೆ ತಲೆಕೆಳಗಾಗುವುದರಿಂದ, ಎಡಗಡೆಯನ್ನು ಮೊದಲು ಮುಗಿಸಿಕೊಳ್ಳುವುದು ಜಾಣತನ, ಮನಸ್ಸಿನ ತಾಳ್ಮೆ ಆಗಿನ್ನೂ ಬತ್ತಿರುವುದಿಲ್ಲ.

ಸುತ್ತಿನ ದಿಕ್ಕನ್ನು ಕುರಿತು ಬಲ್ಲವರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ. ಕೆಳಬಾಗನ್ನು ಹಿಡಿದು ಬಲವಾಗಿ ತುಳಿಯುವಾಗ ಕೈಗಳು ಪಟ್ಟಿಯನ್ನು ಹೊರಕ್ಕೆ ತಿರುಚುತ್ತವೆ. ಆದುದರಿಂದ ಸವಾರನ ಕಣ್ಣಿಗೆ ಬಲಗಡೆ ಪ್ರದಕ್ಷಿಣವಾಗಿಯೂ ಎಡಗಡೆ ಅಪ್ರದಕ್ಷಿಣವಾಗಿಯೂ ಸುತ್ತಿದಲ್ಲಿ ಹಿಡಿದಷ್ಟೂ ಅದು ಬಿಗಿಯಾಗುತ್ತದೆ. ಇಷ್ಟರಮಟ್ಟಿಗೆ ವಿವಾದವಿಲ್ಲ. ಆದರೆ ಅದೇ ಸುತ್ತು ಲಿವರನ್ನು ದಾಟಿ ಮೇಲಿನ ಅಡ್ಡಭಾಗಕ್ಕೆ ಬಂದಾಗ ಕೊಳವೆಯ ನೆತ್ತಿಯ ಮೇಲೆ ಮುಂದಕ್ಕೆ ಹೊರಳುತ್ತದೆ. ಅಲ್ಲಿ ಅಂಗೈಗಳ ಸ್ವಭಾವವೋ ಹಿಂದಕ್ಕೆ, ಸವಾರನ ಎದೆಯ ಕಡೆಗೆ, ಎಳೆಯುವುದು. ಹೀಗೆ ಕೆಳಗೆ ಬಿಗಿಗೊಳಿಸಿದ ದಿಕ್ಕೇ ಮೇಲೆ ಸಡಿಲಗೊಳಿಸುವ ದಿಕ್ಕಾಗುತ್ತದೆ. ಇದಕ್ಕೆ ಪರಿಹಾರವಾಗಿ ಲಿವರಿನ ಸುತ್ತ ಪಟ್ಟಿಯನ್ನು ಇಂಗ್ಲಿಷಿನ ಎಂಟರ ಅಂಕಿಯಾಕಾರದಲ್ಲಿ ಹಾಯಿಸಿ, ಅಲ್ಲಿಂದ ಮುಂದಕ್ಕೆ ದಿಕ್ಕನ್ನೇ ತಿರುಗಿಸಿಬಿಡುವವರುಂಟು. ಲಿವರಿನ ಬುಡದಲ್ಲಿ ದಪ್ಪ ಹೆಚ್ಚುತ್ತದೆಂದು ಇದನ್ನು ಹಳಿಯುವವರೂ ಉಂಟು. ನನ್ನ ಪಕ್ಷ ತಿರುಗಿಸುವವರದು. ಸಪಾಟಾದ ಬಯಲಿನಲ್ಲಿ ಪಂದ್ಯವೋಡುವವನಿಗೆ ಮೇಲಿನ ಅಡ್ಡಭಾಗದ ಗೊಡವೆ ಅಷ್ಟಾಗಿ ಇರಲಾರದು. ನಂದಿಬೆಟ್ಟದ ತಿರುವುಗಳನ್ನು ಕುಳಿತೇ ಏರುವ ನಮ್ಮಂಥವರು ಹತ್ತುವಷ್ಟು ಹೊತ್ತೂ ಜಗ್ಗುವುದು ಅದನ್ನೇ.

ಕೊನೆಯ ಸುತ್ತಿನ ಅಂಚು ಹ್ಯಾಂಡಲಿಗೆ ನೇರವಾಗಿ ನಿಲ್ಲುವಂತೆ ಪಟ್ಟಿಯನ್ನು ಓರೆಯಾಗಿ ಕತ್ತರಿಸಿ, ಅದರ ಮೇಲೆ ವಿದ್ಯುತ್ ಕೆಲಸದವರ ಪ್ಲಾಸ್ಟಿಕ್ ಟೇಪನ್ನು ಸ್ವಲ್ಪ ಹಿಗ್ಗಿಸಿ ಸುತ್ತಿದರೆ ಆಯಿತು. ಪೊಟ್ಟಣದೊಳಗೆ ಬರುವ, ಹೆಸರು ಮುದ್ರಿಸಿದ ಚಂದದ ತುಣುಕುಗಳನ್ನು ಪೊಟ್ಟಣದಲ್ಲಿಯೇ ಬಿಡಬಹುದು. ಕೆಳತುದಿಯ ಬಿರಡೆಯನ್ನು ಮಾತ್ರ ಅಲಂಕಾರವೆಂದು ಎಣಿಸಕೂಡದು. ಬಿದ್ದಾಗ ತೆರೆದ ಕೊಳವೆಯ ಬಾಯಿ ತೊಡೆಯನ್ನೋ ಹೊಟ್ಟೆಯನ್ನೋ ಬಗೆಯಬಲ್ಲದು.

ಇನ್ನು ಹಳೆಯ ಪಟ್ಟಿಯನ್ನು ಬಿಚ್ಚುವ ಮಾತು. ಇದು ಸುತ್ತುವುದಕ್ಕಿಂತ ಮುಖ್ಯವೆಂದೇ ನಾನು ಬಗೆಯುತ್ತೇನೆ. ಕಂಪನವನ್ನು ತಡೆಯುವ ಪಟ್ಟಿಯೇ ತನ್ನ ಮರೆಯಲ್ಲಿ ನಡೆಯುವುದನ್ನೂ ಕಣ್ಣಿಗೆ ಬೀಳದಂತೆ ತಡೆಯುತ್ತದೆ. 1992ರಲ್ಲಿ ಕಂಪನ್ಯೋಲೊ ಸಂಸ್ಥೆಯು ಎರ್ಗೊಪವರ್ ಲಿವರುಗಳನ್ನು ತಂದಾಗ ಬ್ರೇಕಿನವಲ್ಲದೆ ಗೇರಿನ ತಂತಿಗಳೂ ಪಟ್ಟಿಯಡಿಗೆ ಬಂದುವು. ಅವು ಸವೆದು ತುಕ್ಕು ಹಿಡಿದರೂ ಹೊರಗಿನವರಿಗೆ ತಿಳಿಯುವಂತಿಲ್ಲ. ಬೆವರಿನ ಉಪ್ಪು ಸಂದುಗಳಲ್ಲಿ ಇಳಿದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಕರಾವಳಿಯ ಸೆಕೆಯಲ್ಲಿ ಸವಾರಿ ಮಾಡುವವರ ಹ್ಯಾಂಡಲಿನಲ್ಲಿ ವಿಶೇಷವಾಗಿ. ವರ್ಷಕ್ಕೊಮ್ಮೆಯಾದರೂ ಪಟ್ಟಿಯನ್ನು ಪೂರ್ತಿಯಾಗಿ ಬಿಚ್ಚಿ, ಅಂಟನ್ನು ಸ್ಪಿರಿಟ್ಟಿನಿಂದ ಒರಸಿ, ಲಿವರಿನ ಪಟ್ಟಾ ಕಚ್ಚಿದ ಜಾಗವನ್ನೂ ಬಾಗಿನ ಕೆಳಮೈಯನ್ನೂ ಬೆಳಕಿಗೆ ಹಿಡಿದು ನೋಡಬೇಕು. ಬಿಳಿಯ ಹುಡಿ ಮಾತ್ರವಿದ್ದು ಒರಸಿದರೆ ಹೋಗುವಂತಿದ್ದರೆ ಭಯವಿಲ್ಲ. ಉಗುರಿಗೆ ಸಿಕ್ಕುವ ಕುಳಿಯಾಗಲಿ ಕೂದಲಿನಂಥ ಬಿರುಕಾಗಲಿ ಕಂಡಲ್ಲಿ, ತಂದಿಟ್ಟ ಹೊಸ ಪಟ್ಟಿಯನ್ನು ಪೊಟ್ಟಣಕ್ಕೆ ಹಿಂದಿರುಗಿಸಿ, ಮೊದಲು ಹ್ಯಾಂಡಲನ್ನೇ ಬದಲಿಸತಕ್ಕದ್ದು.