ಅದಲುಬದಲಾದ ಮೈಗೆ ಒಡತಿ ಯಾರು?

ಮೆಗ್ ಕ್ಯಾಬಟ್ ಅವರ ‘ಏರ್‌ಹೆಡ್’ ಸರಣಿಯಲ್ಲಿ ಮೂರು ಕಾದಂಬರಿಗಳಿವೆ: 2008ರ ‘ಏರ್‌ಹೆಡ್’, 2009ರ ‘ಬೀಯಿಂಗ್ ನಿಕ್ಕಿ’, 2010ರ ‘ರನ್‌ಅವೇ’. ಎಮರ್ಸನ್ ವಾಟ್ಸ್, ಮನೆಯವರ ಬಾಯಲ್ಲಿ ಎಮ್, ನ್ಯೂಯಾರ್ಕಿನ ಹೈಸ್ಕೂಲು ಹುಡುಗಿ. ಫ್ಯಾಷನ್ ಎಂದರೆ ಮೂಗು ಮುರಿಯುವವಳು, ಗೆಳೆಯ ಕ್ರಿಸ್ಟೋಫರ್ ಜೊತೆ ಕಂಪ್ಯೂಟರ್ ಆಟದಲ್ಲಿ ಮುಳುಗಿರುವವಳು. ಸ್ಟಾರ್ಕ್ ಎಂಬ ದೈತ್ಯ ಕಂಪನಿಯ ಮಳಿಗೆ ಉದ್ಘಾಟನೆಗೆ ಹೋದಾಗ ಮೇಲಿಂದ ಕಳಚಿದ ಟಿವಿ ಪರದೆಯಡಿ ಸಿಗಲಿದ್ದ ತಂಗಿಯನ್ನು ತಳ್ಳಿ ಉಳಿಸಿ, ತಾನು ಸಿಕ್ಕಿಬೀಳುತ್ತಾಳೆ. ಅದೇ ಹೊತ್ತಿಗೆ ಅಲ್ಲೇ ಕುಸಿದುಬಿದ್ದ ಸೂಪರ್‌ಮಾಡೆಲ್ ನಿಕ್ಕಿ ಹಾವರ್ಡ್‌ಳ ದೇಹಕ್ಕೆ ಎಮ್‌ಳ ಮಿದುಳನ್ನು ಕಸಿ ಮಾಡುತ್ತಾರೆ. ಎಚ್ಚರವಾದಾಗ ಎಮ್‌ಗೆ ಸಿಗುವುದು ಜಗತ್ತೇ ಗುರುತಿಸುವ ಮುಖ. ಹೋಗುವುದು ತನ್ನ ಹೆಸರು, ಮನೆ, ಗೆಳೆಯ. ಇದನ್ನು ಸುಂದರಿಯಾಗುವ ಹಗಲುಗನಸು ಎಂದು ಪಕ್ಕಕ್ಕಿಡುವುದು ಸುಲಭ. ಹಾಗೆ ಇಡಬಾರದು ಎಂಬುದು ನನ್ನ ವಾದ. ಬದಲಾದ ಆ ಮೈ ಯಾರ ಸ್ವತ್ತು ಎಂಬ ಪ್ರಶ್ನೆಯ ಸುತ್ತಲೇ ಈ ಬಗೆಯ ಕತೆಗಳು ಬಹುಕಾಲ ಸುತ್ತಿಕೊಂಡು ಹೋಗಿದ್ದವು. ಕ್ಯಾಬಟ್ ಅದನ್ನು ನೇರವಾಗಿ ಎತ್ತಿದರು. ಎತ್ತಿದ ಮೇಲೆ ಪ್ರೇಮಕತೆಯ ಒತ್ತಡಕ್ಕೆ ಮಣಿದು ಅರ್ಧದಲ್ಲೇ ಕೈಬಿಟ್ಟರು. ಸರಣಿಯ ಸಾಧನೆಯನ್ನೂ ಸೋಲನ್ನೂ ಒಟ್ಟಿಗೇ ನೋಡಬೇಕಾಗಿದೆ.

ಈ ಪರಂಪರೆಯ ಹಳೆಯ ಕತೆಗಳೆಲ್ಲ ಹೋಗಿ ಬರುವ ಕತೆಗಳು. 1881ರಲ್ಲಿ ಮಾರ್ಕ್ ಟ್ವೇನ್ ರಾಜಕುಮಾರನಿಗೂ ಬಡ ಹುಡುಗನಿಗೂ ಬಟ್ಟೆ ಬದಲಾಯಿಸಿದರು. ಬೀದಿಯ ಕಷ್ಟ ಕಂಡ ರಾಜಕುಮಾರ ಮತ್ತೆ ಸಿಂಹಾಸನಕ್ಕೆ ಬಂದ. ಮರುವರ್ಷ ಬಂದ ಎಫ್. ಆನ್‌ಸ್ಟಿಯವರ ‘ವೈಸ್ ವರ್ಸಾ’ದಲ್ಲಿ ಭಾರತದಿಂದ ತಂದ ‘ಗರುಡ ಶಿಲೆ’ಯೊಂದರ ಮಹಿಮೆಯಿಂದ ತಂದೆ ಮಗನಾಗಿ ಬೋರ್ಡಿಂಗ್ ಶಾಲೆಯ ಹೊಡೆತ ತಿಂದ, ಬುದ್ಧಿ ಕಲಿತು ವಾಪಸಾದ. 1972ರಲ್ಲಿ ಮೇರಿ ರಾಡ್ಜರ್ಸ್ ಬರೆದ ‘ಫ್ರೀಕಿ ಫ್ರೈಡೇ’ಯಲ್ಲಿ ಹದಿಮೂರರ ಆನಬೆಲ್ ಒಂದು ದಿನ ತನ್ನ ತಾಯಿಯ ಮೈಯಲ್ಲಿ ಏಳುತ್ತಾಳೆ. ಇವುಗಳಲ್ಲಿ ಮೈ ಕೈಗಡದ ವಸ್ತು. ಇನ್ನೊಬ್ಬರ ಬಾಳು ಎಷ್ಟು ಕಷ್ಟವೆಂದು ತಿಳಿಯುವ ತನಕ ಇಟ್ಟುಕೊಂಡು ಹಿಂದಿರುಗಿಸಿದರೆ ಮುಗಿಯಿತು. ವಾಪಸಾತಿ ಖಚಿತವಾಗಿರುವುದರಿಂದ ಒಡೆತನದ ಪ್ರಶ್ನೆ ಏಳುವುದೇ ಇಲ್ಲ. ಆದರೂ ‘ಫ್ರೀಕಿ ಫ್ರೈಡೇ’ಯ ಕೊನೆಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಮಗಳ ಮೈಯಲ್ಲಿದ್ದಷ್ಟು ಹೊತ್ತಿನಲ್ಲಿ ತಾಯಿ ಅವಳ ಹಲ್ಲಿನ ತಂತಿ ತೆಗೆಸಿ, ಕೂದಲು ಕತ್ತರಿಸಿ, ಹೊಸ ಬಟ್ಟೆ ತೊಡಿಸಿರುತ್ತಾಳೆ. ಆನಬೆಲ್ ಮರಳುವುದು ಚೆಲುವೆಯಾದ ಮೈಗೆ. ತಾಯಿಯ ಕಷ್ಟ ಅರಿತದ್ದಕ್ಕೆ ಸಿಕ್ಕ ಬಹುಮಾನ ಚೆಲುವು. ಒಳಗಿನದೇ ಮುಖ್ಯ ಎಂದು ಪಾಠ ಹೇಳುತ್ತಲೇ ಹೊರಗಿನದನ್ನು ಉಡುಗೊರೆಯಾಗಿ ಕೊಡುವ ಈ ಅಭ್ಯಾಸ ಹದಿಹರೆಯದ ಹುಡುಗಿಯರ ಕತೆಗಳಿಗೆ ಅಂಟಿಕೊಂಡುಬಿಟ್ಟಿತು.

ಆ ಅಭ್ಯಾಸವನ್ನು ಉದ್ಯಮವಾಗಿಸಿದ್ದು ಫ್ರಾನ್ಸಿನ್ ಪ್ಯಾಸ್ಕಲ್ ರೂಪಿಸಿದ ‘ಸ್ವೀಟ್ ವ್ಯಾಲಿ ಹೈ’. 1983ರಲ್ಲಿ ಶುರುವಾಗಿ ನೂರಕ್ಕೂ ಹೆಚ್ಚು ಪುಸ್ತಕಗಳಾಗಿ ಬೆಳೆದ ಈ ಸರಣಿಯಲ್ಲಿ ಜೆಸ್ಸಿಕಾ ಮತ್ತು ಎಲಿಜಬೆತ್ ಅವಳಿಗಳು. ಮೊದಲ ಪುಸ್ತಕದಲ್ಲೇ ಪೊಲೀಸರು ಹಿಡಿದಾಗ ಜೆಸ್ಸಿಕಾ ತನ್ನನ್ನು ಎಲಿಜಬೆತ್ ಎಂದು ತಿಳಿಯಲು ಬಿಡುತ್ತಾಳೆ. ತಪ್ಪು ಒಬ್ಬಳದು, ಕೆಟ್ಟ ಹೆಸರು ಇನ್ನೊಬ್ಬಳಿಗೆ. ಗುರುತು ಬದಲಾದರೂ ಮೈ ಮಾತ್ರ ಒಂದೇ ಅಚ್ಚಿನದು, ಮತ್ತೆ ಮತ್ತೆ ಅಳತೆ ಸಮೇತ ವರ್ಣಿಸಲಾಗುವ ಅಚ್ಚು. ಮೊದಲು ಆರನೇ ಸೈಜ್ ಎಂದಿದ್ದುದು 2008ರ ಮರುಮುದ್ರಣದಲ್ಲಿ ನಾಲ್ಕಾಯಿತು. ಇಪ್ಪತ್ತೈದು ವರ್ಷಗಳಲ್ಲಿ ಕಲ್ಪಿತ ಹುಡುಗಿಯರನ್ನೂ ಸಣ್ಣ ಮಾಡಲಾಯಿತು. ‘ಏರ್‌ಹೆಡ್’ ಬಂದದ್ದು ಅದೇ ವರ್ಷ. ಎಂಥ ಮೈಗೆ ಬೆಲೆ ಎಂಬುದನ್ನು ಪ್ರಕಾಶಕರೇ ತಿದ್ದಿ ಮುದ್ರಿಸುತ್ತಿದ್ದ ಕಾಲದಲ್ಲಿ ಆ ಬೆಲೆ ಯಾರ ಜೇಬಿಗೆ ಹೋಗುತ್ತದೆ ಎಂದು ಕೇಳಿದ ಪುಸ್ತಕವದು.

ಕ್ಯಾಬಟ್ ಮಾಡಿದ ಮೊದಲ ಕೆಲಸ ವಾಪಸಾತಿಯ ಬಾಗಿಲು ಮುಚ್ಚಿದ್ದು. ಮಂತ್ರದ ಕಲ್ಲಿನ ಜಾಗಕ್ಕೆ ಶಸ್ತ್ರಚಿಕಿತ್ಸೆ ಬಂತು, ಅದರ ಜೊತೆಗೆ ಕರಾರುಪತ್ರವೂ ಬಂತು. ಮಗಳನ್ನು ಉಳಿಸಿಕೊಳ್ಳಲು ತಂದೆತಾಯಿ ಸ್ಟಾರ್ಕ್ ಕಂಪನಿಗೆ ಸಹಿ ಹಾಕಿಕೊಟ್ಟಿದ್ದಾರೆ. ಇನ್ನು ಎಮ್ ನಿಕ್ಕಿಯ ಒಪ್ಪಂದಗಳನ್ನೆಲ್ಲ ಪೂರೈಸಬೇಕು, ಕಂಪನಿಯ ಮುಖವಾಗಿರಬೇಕು, ಗುಟ್ಟು ಹೊರಬೀಳಬಾರದು. ಇಲ್ಲಿಂದ ಮುಂದೆ ಮಾಡೆಲಿಂಗ್ ಅವಳ ಪಾಲಿಗೆ ದುಡಿಮೆ: ಹೊತ್ತಲ್ಲದ ಹೊತ್ತಿನ ಫೋಟೋ ಶೂಟ್, ಚಳಿಯಲ್ಲಿ ತೆಳು ಬಟ್ಟೆ, ಒಪ್ಪಿಗೆ ಕೇಳದೆ ನಿಗದಿಯಾಗುವ ಒಳ ಉಡುಪಿನ ಶೋ. ಸರಣಿ ಮುಗಿಯುವ ಹೊತ್ತಿಗೆ ಹಣವುಳ್ಳವರಿಗೆ ಎಳೆಯರ ಆರೋಗ್ಯವಂತ ದೇಹಗಳನ್ನೇ ಮಾರುವ ಗುಪ್ತ ಯೋಜನೆ ಬಯಲಾಗುತ್ತದೆ. ಇದು ಅತಿರೇಕ ಎನ್ನುವವರಿದ್ದಾರೆ. ಆದರೆ ಈ ಪುಸ್ತಕಗಳು ಬಂದ ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿ ಹದಿನೆಂಟು ತುಂಬದ ಮಾಡೆಲ್‌ಗಳಿಗೆ ಬಾಲನಟರಿಗಿದ್ದ ಕಾನೂನು ರಕ್ಷಣೆ ಇರಲಿಲ್ಲ. ಮಾಡೆಲ್ ಆಗಿದ್ದ ಸಾರಾ ಜಿಫ್ 2012ರಲ್ಲಿ ಕಟ್ಟಿದ ‘ಮಾಡೆಲ್ ಅಲೈಯನ್ಸ್’ ಒತ್ತಾಯಿಸಿದ ಮೇಲೆ 2013ರಲ್ಲಿ ಅದು ದಕ್ಕಿತು. ಎಳೆಯ ಹುಡುಗಿಯ ದುಡಿಮೆಯನ್ನು ದುಡಿಮೆಯೆಂದು ಕಾನೂನು ಒಪ್ಪುವ ಮೊದಲೇ ಒಂದು ಜನಪ್ರಿಯ ಸರಣಿ ಹಾಗೆಂದು ತೋರಿಸಿತು. ಇದನ್ನು ನಾನು ದೊಡ್ಡ ಸಾಧನೆ ಎಂದೇ ಎಣಿಸುತ್ತೇನೆ.

ಹೀಗಿದ್ದೂ ಮೈ ಬದಲಾದರೆ ಮನಸ್ಸೇನಾಗುತ್ತದೆ ಎಂಬಲ್ಲಿ ಕ್ಯಾಬಟ್ ಹಿಂಜರಿಯುತ್ತಾರೆ. ಕತೆ ಹೇಳುವವಳು ಎಮ್. ಅಪಘಾತದ ಮೊದಲೂ ನಂತರವೂ ಅವಳ ದನಿ ಒಂದೇ, ಅದೇ ಚುರುಕು, ಅದೇ ಹರಟೆ. ಹೊಸ ಮೈಗೆ ತನ್ನದೇ ರುಚಿ, ತನ್ನದೇ ಸ್ಪಂದನಗಳಿವೆ ಎಂಬ ಸೂಚನೆಗಳು ಬರುತ್ತವೆ, ನಗೆಯಲ್ಲಿ ಕರಗುತ್ತವೆ. ಇದು ನಮಗೆ ಗೊತ್ತಿರುವ ಹಳೆಯ ತೀರ್ಪು. ಬೇತಾಳ ಕತೆಯೊಂದರಲ್ಲಿ ತಲೆಗಳು ಅದಲುಬದಲಾದಾಗ ಗಂಡ ಯಾರೆಂದು ಬೇತಾಳ ಕೇಳಿದರೆ ಅರಸ ತಲೆಯೇ ಮೇಲು ಎನ್ನುತ್ತಾನೆ. ಜರ್ಮನಿಯ ಥಾಮಸ್ ಮನ್ 1940ರಲ್ಲಿ ಆ ಕತೆಯನ್ನು ಹಿಡಿದು ಬೆಳೆಸಿದರು. ಅಲ್ಲಿಂದ ಗಿರೀಶ ಕಾರ್ನಾಡರು 1971ರ ‘ಹಯವದನ’ದಲ್ಲಿ ಇನ್ನೂ ಮುಂದಕ್ಕೆ ಒಯ್ದರು. ಕಾರ್ನಾಡರ ನಾಟಕದಲ್ಲಿ ತೀರ್ಪಿನಿಂದ ಏನೂ ತೀರುವುದಿಲ್ಲ. ಗಂಡ ದೇವದತ್ತನ ತಲೆಗೆ ಸೇರಿದ ಗೆಳೆಯ ಕಪಿಲನ ಗಟ್ಟಿ ಮೈ ನಿಧಾನಕ್ಕೆ ಮೆತ್ತಗಾಗುತ್ತದೆ, ಹೆಂಡತಿ ಪದ್ಮಿನಿ ಬಯಸಿದ್ದು ಕೈಜಾರುತ್ತದೆ, ಕಪಿಲನಿಗೆ ಮಾತ್ರ ಮೈಯ ನೆನಪುಗಳು ಕಾಡುತ್ತವೆ. ಹದಿಹರೆಯದವರಿಗೆ ಅಷ್ಟು ಭಾರ ಬೇಡ ಎಂದರೆ ಒಪ್ಪಲಾರೆ. ಪೀಟರ್ ಡಿಕಿನ್‌ಸನ್‌ರ ‘ಈವಾ’ (1988) ಅದೇ ವಯಸ್ಸಿನವರಿಗೆ ಬರೆದದ್ದು. ಅಪಘಾತದಲ್ಲಿ ನಜ್ಜುಗುಜ್ಜಾದ ಹುಡುಗಿಯ ಮನಸ್ಸನ್ನು ಅಲ್ಲಿ ಚಿಂಪಾಂಜಿಯ ಮೈಗೆ ಸೇರಿಸುತ್ತಾರೆ. ಅವಳು ಕೀಲಿಮಣೆ ಒತ್ತಿ ಮಾತಾಡಬೇಕು, ಆ ಪ್ರಾಣಿಯ ಭಯ ಬಯಕೆಗಳನ್ನು ತನ್ನವೆಂದು ಒಪ್ಪಿಕೊಳ್ಳಬೇಕು. ಅಲ್ಲೂ ಹಣ ಹೂಡಿದ ಕಂಪನಿಗಳು ಅವಳನ್ನು ಜಾಹೀರಾತಿಗೆ ಬಳಸಲು ಹವಣಿಸುತ್ತವೆ. ಡಿಕಿನ್‌ಸನ್ ಮೈಯನ್ನು ಗಂಭೀರವಾಗಿ ತೆಗೆದುಕೊಂಡದ್ದರಿಂದಲೇ ಕಂಪನಿಯ ಹಿಡಿತವೂ ಹೆಚ್ಚು ಭಯ ಹುಟ್ಟಿಸುತ್ತದೆ. ಎಮ್‌ಗೆ ಸಿಕ್ಕ ಮೈ ಚಿಂಪಾಂಜಿಯದ್ದಲ್ಲ, ಜಗತ್ತು ಹಂಬಲಿಸುವ ಮೈ. ಹಾಗಾಗಿ ಅದು ಅವಳನ್ನು ಹೇಗೆ ಬದಲಿಸುತ್ತದೆಂದು ಕೇಳುವ ತುರ್ತು ಲೇಖಕಿಗೆ ಕಾಣಲಿಲ್ಲ.

ಪ್ರೇಮದ ಎಳೆಯನ್ನು ಸಮರ್ಥಿಸುವವರ ಮಾತು ತೂಕದ್ದು. ಸತ್ತಳೆಂದು ನಂಬಿದ ಎಮ್‌ಗಾಗಿ ಕ್ರಿಸ್ಟೋಫರ್ ಕುದಿಯುತ್ತಾನೆ, ಸ್ಟಾರ್ಕ್ ಮೇಲೆ ಸೇಡಿಗೆ ಹೊರಡುತ್ತಾನೆ. ಎದುರಿಗೆ ನಿಂತ ಸೂಪರ್‌ಮಾಡೆಲ್ ಅವನನ್ನು ಕರಗಿಸುವುದಿಲ್ಲ. ಇದಕ್ಕಿಂತ ಶುದ್ಧವಾದ ಪ್ರೀತಿಯ ಪುರಾವೆ ಬೇಕೇ ಎಂದು ಅವರು ಕೇಳುತ್ತಾರೆ. ಪುರಾವೆಯನ್ನು ಒಪ್ಪೋಣ. ಅದು ಕ್ರಿಸ್ಟೋಫರ್ ಒಳ್ಳೆಯ ಹುಡುಗ ಎಂಬುದಕ್ಕೆ ಸಾಕ್ಷಿ. ಆದರೆ ಎಮ್ ತನ್ನ ಹಳೆಯ ಮೈಯಲ್ಲಿದ್ದಾಗ ಅವನ ಪ್ರೀತಿ ಬಾಯಿಬಿಟ್ಟಿರಲಿಲ್ಲ. ಅವಳು ಹೋದ ಮೇಲಷ್ಟೇ ಬಿಟ್ಟದ್ದು. ಕೊನೆಗೆ ಇಬ್ಬರೂ ಸೇರುವಾಗ ಎಮ್ ಇರುವುದು ನಿಕ್ಕಿಯ ಮೈಯಲ್ಲೇ. ಚೆಲುವು ಲೆಕ್ಕಕ್ಕಿಲ್ಲ ಎಂದು ಸಾಧಿಸಿದ ಕತೆ ಆ ಲೆಕ್ಕಕ್ಕಿಲ್ಲದ ಚೆಲುವನ್ನು ನಾಯಕಿಗೇ ಉಳಿಸುತ್ತದೆ. ‘ಫ್ರೀಕಿ ಫ್ರೈಡೇ’ಯ ಹಲ್ಲಿನ ತಂತಿ ಇಲ್ಲಿ ಇಡೀ ದೇಹವಾಗಿ ಮರಳಿದೆ. ಪ್ರೇಮಕ್ಕೆ ನಿಜವಾದ ಪರೀಕ್ಷೆ ಬೇಕಿದ್ದರೆ ಎಮ್‌ಳ ಮಿದುಳು ಯಾರೂ ತಿರುಗಿ ನೋಡದ ಮೈಯೊಂದಕ್ಕೆ ಹೋಗಬೇಕಿತ್ತು.

ಅಂಥ ಮೈಗೆ ಹೋದವಳು ಸರಣಿಯಲ್ಲಿ ಒಬ್ಬಳಿದ್ದಾಳೆ. ನಿಕ್ಕಿ ಸತ್ತಿಲ್ಲ. ಅವಳ ಮಿದುಳು ಬೇರೊಂದು ಹುಡುಗಿಯ ಸಾಧಾರಣ ದೇಹದಲ್ಲಿ ಬದುಕಿದೆ ಎಂದು ಎರಡನೆಯ ಪುಸ್ತಕದಲ್ಲಿ ತಿಳಿಯುತ್ತದೆ. ಮೂರನೆಯದರಲ್ಲಿ ಅವಳು ತನ್ನ ಮೈಯನ್ನು ವಾಪಸು ಕೇಳುತ್ತಾಳೆ. ಇಡೀ ಪರಂಪರೆಯಲ್ಲಿ ನನ್ನನ್ನು ಅತಿ ಹೆಚ್ಚು ತಟ್ಟಿದ ಬೇಡಿಕೆ ಇದು. ಕೈಗಡದ ಕತೆಗಳಲ್ಲಿ ಕೊಟ್ಟವರಿಗೂ ಪಡೆದವರಿಗೂ ನಷ್ಟವಿಲ್ಲ. ಇಲ್ಲಿ ಒಬ್ಬಳಿಗೆ ಸಿಕ್ಕಿದ್ದು ಇನ್ನೊಬ್ಬಳಿಂದ ಕಸಿದದ್ದು. ಎಮ್ ಕಳ್ಳಿಯಲ್ಲ, ಆದರೆ ಕಳವಿನ ಮಾಲು ಅವಳ ಬಳಿ ಇದೆ. ನಿಕ್ಕಿ ಸ್ವಾರ್ಥಿ, ಒರಟು ಮಾತಿನವಳು, ಅವಳ ಮೇಲೆ ಓದುಗರಿಗೆ ಕನಿಕರ ಹೇಗೆ ಬರಬೇಕು ಎಂದು ಆಕ್ಷೇಪಿಸಬಹುದು. ನಿಜ, ಕ್ಯಾಬಟ್ ಅವಳನ್ನು ಹಾಗೆಯೇ ಚಿತ್ರಿಸಿದ್ದಾರೆ, ನನ್ನ ತಕರಾರಿರುವುದೂ ಅಲ್ಲಿಯೇ. ಸ್ವಂತ ದೇಹ ತನ್ನದೆನ್ನಲು ಒಳ್ಳೆಯ ನಡತೆಯ ಸರ್ಟಿಫಿಕೇಟ್ ಬೇಕಿಲ್ಲ. ಸ್ಟಾರ್ಕ್ ಕಂಪನಿ ಅವಳನ್ನು ಮುಖವೆಂದಷ್ಟೇ ಎಣಿಸಿತು; ಕಾದಂಬರಿ ಅವಳನ್ನು ಅಸಹ್ಯ ಹುಡುಗಿ ಎಂದು ತೋರಿಸಿ ಅವಳ ದಾವೆಯನ್ನು ಹಗುರ ಮಾಡಿತು. ಎಮ್‌ಳ ಅಳಲನ್ನು ಅಷ್ಟು ಆಪ್ತವಾಗಿ ಕೇಳಿಸಿಕೊಂಡ ಲೇಖಕಿ ನಿಕ್ಕಿಗೆ ಒಂದು ಅಧ್ಯಾಯವನ್ನಾದರೂ ಅವಳದೇ ದನಿಯಲ್ಲಿ ಕೊಟ್ಟಿದ್ದರೆ ಸರಣಿಯ ಎತ್ತರವೇ ಬೇರೆಯಾಗುತ್ತಿತ್ತು.

ಮಕ್ಕಳು ರಜೆಯಲ್ಲಿ ಓದಿ ಮುಗಿಸುವ ಪುಸ್ತಕಗಳ ಮೇಲೆ ಇಷ್ಟು ಭಾರ ಹೇರುವುದು ಅನ್ಯಾಯ ಎಂಬ ಮಾತು ಉಳಿದಿದೆ. ಹದಿನಾಲ್ಕರ ಹುಡುಗಿ ತನ್ನ ಮೈ ಬಗ್ಗೆ ಏನು ಯೋಚಿಸಬೇಕೆಂದು ಕಲಿಯುವುದು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಇಂಥ ರಜೆಯ ಪುಸ್ತಕಗಳಿಂದಲೇ. ಆದ್ದರಿಂದ ಅವು ಗಟ್ಟಿ ಓದಿಗೆ ಅರ್ಹ. ಅಲ್ಲದೆ ಕ್ಯಾಬಟ್ ಎತ್ತಿದ ಪ್ರಶ್ನೆ ಈಗ ಕಲ್ಪನೆಯಲ್ಲಿ ಮಾತ್ರ ಉಳಿದಿಲ್ಲ. 2024ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಗವರ್ನರ್ ಸಹಿ ಹಾಕಿದ ಫ್ಯಾಷನ್ ಕೆಲಸಗಾರರ ಕಾಯಿದೆಯ ಪ್ರಕಾರ ಮಾಡೆಲ್‌ನ ಡಿಜಿಟಲ್ ಪ್ರತಿರೂಪ ಮಾಡಿ ಬಳಸಲು ಅವಳ ಪ್ರತ್ಯೇಕ ಲಿಖಿತ ಒಪ್ಪಿಗೆ ಬೇಕು. ಹುಡುಗಿಯಿಂದ ಅವಳ ಮುಖವನ್ನು ಬೇರ್ಪಡಿಸಿ ಕಂಪನಿ ದುಡಿಸಿಕೊಳ್ಳಲು ಇಂದು ಶಸ್ತ್ರಚಿಕಿತ್ಸೆ ಬೇಕಿಲ್ಲ, ಒಂದು ಸ್ಕ್ಯಾನ್ ಸಾಕು. ಈ ಪರಂಪರೆಯಲ್ಲಿ ಮುಂದೆ ಬರೆಯುವವರ ಎದುರು ಹೊಸ ಮೈ ಪಡೆದವಳೂ ಇದ್ದಾಳೆ, ಮುಖ ಕಳೆದುಕೊಂಡವಳೂ ಇದ್ದಾಳೆ. ಕತೆಯನ್ನು ಎರಡನೆಯವಳಿಂದ ಹೇಳಿಸುವ ಲೇಖಕಿಗಾಗಿ ನಾನು ಕಾಯುತ್ತಿದ್ದೇನೆ.