ಹಿಂದಿನ ತಾರೀಖಿನ ಹೊನ್ನು

ಹಳೆಯ ನಾಣ್ಯಗಳ ಬಗೆಗೆ ಪತ್ರಿಕೆಗಳಲ್ಲಿ ಬರುವ ಸುದ್ದಿಗೆ ಒಂದು ಸಿದ್ಧ ಧಾಟಿಯುಂಟು: ಇಂಥ ಇಸವಿಯ ನಾಣ್ಯ, ಇಷ್ಟೇ ಉಳಿದಿವೆ, ಇಷ್ಟು ಹಣಕ್ಕೆ ಹರಾಜಾಯಿತು. ಅಲ್ಲಿಗೆ ಸುದ್ದಿ ಮುಗಿಯಿತು. 2021ರ ಜನವರಿಯಲ್ಲಿ ಅಮೆರಿಕದ ಹತ್ತು ಡಾಲರಿನ ಚಿನ್ನದ ನಾಣ್ಯವೊಂದು 52 ಲಕ್ಷ 80 ಸಾವಿರ ಡಾಲರಿಗೆ ಮಾರಾಟವಾಯಿತು. ಆ ನಾಣ್ಯದ ಮೇಲೆ ಅಚ್ಚಾಗಿರುವ ಇಸವಿ 1804. ಆದರೆ ಅದನ್ನು ಟಂಕಿಸಿದ್ದು ಅದಕ್ಕೆ ಸುಮಾರು ಮೂವತ್ತು ವರ್ಷಗಳ ಅನಂತರ! ನನ್ನ ಎಣಿಕೆಯಲ್ಲಿ ಬೆಲೆಗಿಂತ ದೊಡ್ಡ ಸುದ್ದಿ ಇದು. ನಾಣ್ಯಸಂಗ್ರಹವೆಂಬ ಹವ್ಯಾಸದ ಗುಣದೋಷಗಳೆರಡನ್ನೂ ಈ ಒಂದೇ ನಾಣ್ಯದಲ್ಲಿ ಕಾಣಬಹುದು.

ಇದು 'ಪ್ರೂಫ್' ಜಾತಿಯ ನಾಣ್ಯ. ಪ್ರೂಫ್ ಎಂದರೆ ಚೆನ್ನಾಗಿ ಉಳಿದುಬಂದ ನಾಣ್ಯವೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಪ್ರೂಫ್ ಎಂಬುದು ತಯಾರಿಕೆಯ ವಿಧಾನ. ಅಚ್ಚನ್ನೂ ಚಿನ್ನದ ಬಿಲ್ಲೆಯನ್ನೂ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿ, ಅಚ್ಚಿನ ಒಂದೊಂದು ಗೆರೆಯೂ ಮೂಡುವಂತೆ ಬಲವಾಗಿ ಒತ್ತಿ ತೆಗೆಯುತ್ತಿದ್ದರು. ಇವು ಸಂತೆಯಲ್ಲಿ ಚಲಾವಣೆಯಾಗಲೆಂದು ಮಾಡಿದವಲ್ಲ. ತೋರಿಸಲು, ಕಾಣಿಕೆ ಕೊಡಲು ಮಾಡಿದವು.

ಫಿಲಡೆಲ್ಫಿಯಾದ ಟಂಕಸಾಲೆ 1792ರ ಕಾನೂನಿನಿಂದ ಹುಟ್ಟಿತು. ಅಲ್ಲಿಂದ ಚಿನ್ನದ ನಾಣ್ಯ ಹೊರಬಂದದ್ದು 1795ರಲ್ಲಿ. ಹತ್ತು ಡಾಲರಿನ ನಾಣ್ಯಕ್ಕೆ 'ಈಗಲ್', ಅಂದರೆ ಹದ್ದು, ಎಂದು ಹೆಸರು. ಮೊದಲ ಕಾನೂನಿನಂತೆ ಒಂದು ಈಗಲ್‌ನಲ್ಲಿ 247.5 ಗ್ರೇನ್ ಅಪ್ಪಟ ಚಿನ್ನ. ಒಂದು ತೂಕ ಚಿನ್ನಕ್ಕೆ ಹದಿನೈದು ತೂಕ ಬೆಳ್ಳಿ ಸಮವೆಂಬುದು ಆ ಕಾನೂನಿನ ಲೆಕ್ಕ. ಆದರೆ ಹೊರಗಿನ ಪೇಟೆಯಲ್ಲಿ ಚಿನ್ನಕ್ಕೆ ಅದಕ್ಕಿಂತ ಹೆಚ್ಚು ಬೆಲೆಯಿತ್ತು. ಪರಿಣಾಮ ಊಹಿಸಬಹುದು: ನಾಣ್ಯಗಳು ಹಡಗು ಹತ್ತಿ ಹೋದವು, ಮೂಸೆಯಲ್ಲಿ ಕರಗಿದವು. 1804ರಲ್ಲಿ ಈಗಲ್ ಟಂಕಿಸುವುದನ್ನೇ ನಿಲ್ಲಿಸಿದರು. 1834ರ ಕಾನೂನು ಚಿನ್ನದ ಪ್ರಮಾಣವನ್ನು 232 ಗ್ರೇನಿಗೆ ಇಳಿಸಿದಾಗ, ಉಳಿದಿದ್ದ ಹಳೆಯ ನಾಣ್ಯಗಳಿಗೂ ಕರಗುವ ಯೋಗ ಬಂತು. ಅಮೆರಿಕದ ಮೊದಮೊದಲ ಚಿನ್ನದ ನಾಣ್ಯಗಳು ಇಂದು ಅಪರೂಪವಾಗಿರುವುದಕ್ಕೆ ಇದೇ ಮುಖ್ಯ ಕಾರಣ.

ಅದೇ 1834ರಲ್ಲಿ ಅಮೆರಿಕದ ಸರಕಾರ ಎಡ್ಮಂಡ್ ರಾಬರ್ಟ್ಸ್ ಎಂಬ ರಾಯಭಾರಿಯ ಕೈಯಲ್ಲಿ ಮಸ್ಕತ್ತಿನ ಸುಲ್ತಾನನಿಗೂ ಸಯಾಮಿನ ದೊರೆಗೂ ಕಾಣಿಕೆ ಕಳುಹಿಸಲು ನಿಶ್ಚಯಿಸಿತು. ಪ್ರತಿಯೊಂದು ಬಗೆಯ ನಾಣ್ಯವೂ ಇರುವ ಒಂದೊಂದು ಪೆಟ್ಟಿಗೆ ಸಿದ್ಧವಾಗಲೆಂದು ಟಂಕಸಾಲೆಗೆ ಆಜ್ಞೆ ಹೋಯಿತು. ಈಗಲ್ ಮತ್ತು ಬೆಳ್ಳಿಯ ಡಾಲರ್ ನಿಂತು ಆಗಲೇ ಮೂವತ್ತು ವರ್ಷ! ಕಡತ ತೆಗೆದು ನೋಡಿದರು. ಕೊನೆಯದಾಗಿ ಟಂಕಿಸಿದ್ದು 1804ರಲ್ಲಿ ಎಂದಿತ್ತು. ಅದೇ ಇಸವಿ ಹಾಕಿ ಹೊಸ ಅಚ್ಚು ಕೊರೆದರು. ಕಡತ ಸುಳ್ಳು ಹೇಳಿರಲಿಲ್ಲ. ಆದರೆ 1804ರಲ್ಲಿ ಒತ್ತಿದ ಬೆಳ್ಳಿ ಡಾಲರುಗಳಿಗೆ ಹಳೆಯ ಅಚ್ಚುಗಳನ್ನೇ ಬಳಸಿದ್ದರು. ಅವುಗಳ ಮೇಲೆ 1804 ಎಂದು ಇರಲೇ ಇಲ್ಲ. ರಿಜಿಸ್ಟರು ನೋಡಿದವರು ನಾಣ್ಯ ನೋಡಲಿಲ್ಲ. ಕಚೇರಿಯ ಕೆಲಸ ಬಲ್ಲವರಿಗೆ ಈ ತಪ್ಪು ಹೊಸದೇನೂ ಅಲ್ಲ.

ಪೆಟ್ಟಿಗೆಗಳನ್ನು ಹೊತ್ತ 'ಪೀಕಾಕ್' ಹಡಗು 1835ರಲ್ಲಿ ಅರಬ್ಬೀ ಕರಾವಳಿಯ ಬಳಿ ಬಂಡೆಗಳ ಮೇಲೆ ಸಿಕ್ಕಿಕೊಂಡಿತು. ಮಸ್ಕತ್ತಿನ ಕಾಣಿಕೆ ಸಂದ ಮೇಲೆ ದುರಸ್ತಿಗೆಂದು ನಮ್ಮ ಮುಂಬಯಿಗೂ ಬಂದಿತ್ತು. ಸಯಾಮಿಗೆ ಕಾಣಿಕೆ ತಲುಪಿದ್ದು 1836ರಲ್ಲಿ. ಅದೇ ವರ್ಷ ರಾಬರ್ಟ್ಸ್ ಮಕಾವಿನಲ್ಲಿ ತೀರಿಕೊಂಡ.

ಈ 1804 ನಿಜವೇ ಎಂಬ ಜಗಳ ಬಹುಕಾಲ ನಡೆಯಿತು. ಎರಿಕ್ ನ್ಯೂಮನ್ ಮತ್ತು ಕೆನೆತ್ ಬ್ರೆಸೆಟ್ ಎಂಬಿಬ್ಬರು ಹಳೆಯ ಪತ್ರ, ಅಚ್ಚು, ಅಂಕಿಗಳ ಆಕಾರ ಎಲ್ಲವನ್ನೂ ಶೋಧಿಸಿ, ಈ ಡಾಲರು 1834ರ ಸೃಷ್ಟಿಯೆಂದು ಪುಸ್ತಕ ಬರೆದರು. ಪುಸ್ತಕ ಹೊರಬರಬೇಕು ಎನ್ನುವಷ್ಟರಲ್ಲಿ, 1962ರಲ್ಲಿ, ಸಯಾಮಿನ ಪೆಟ್ಟಿಗೆಯೇ ಬೆಳಕಿಗೆ ಬಂತು! ಹಳದಿ ಚರ್ಮದ ಆ ಪೆಟ್ಟಿಗೆಯಲ್ಲಿ 1804ರ ಡಾಲರು ಮತ್ತು ಈಗಲ್ ನಾಣ್ಯಗಳು 1834ರ ನಾಣ್ಯಗಳ ಪಕ್ಕದಲ್ಲೇ ಕುಳಿತಿದ್ದವು. ವಾದ ಗೆದ್ದಿತು. ಈಗಲ್‌ನ ಮಟ್ಟಿಗಂತೂ ಒಂದು ಅಂಕಿ ನೋಡಿದರೆ ಸಾಕು: 1804ರಲ್ಲೇ ಒತ್ತಿದ ನಾಣ್ಯದ 4ರ ಅಡ್ಡಗೆರೆಯ ತುದಿಗೆ ಒಂದು ಪುಟ್ಟ ಗೀಟುಂಟು, ಕಾಣಿಕೆಯ ನಾಣ್ಯದ 4ಕ್ಕೆ ಅದಿಲ್ಲ.

ಸಂಗ್ರಾಹಕನ ನಿಜವಾದ ಬಂಡವಾಳ ಇಂಥ ನೋಟವೇ ಹೊರತು ಹಣವಲ್ಲ. ಈಜಿಪ್ಟಿನ ದೊರೆ ಫಾರೂಕ್ ನಾಣ್ಯಗಳನ್ನು ರಾಶಿ ಹಾಕಿದ್ದ. 1952ರಲ್ಲಿ ಪದಚ್ಯುತನಾದ. 1954ರಲ್ಲಿ ಕೈರೋದಲ್ಲಿ ಅವನ ಸಂಗ್ರಹ ಹರಾಜಿಗೆ ಬಂದಾಗ, ಅಪೂರ್ವ ನಾಣ್ಯಗಳನ್ನು ಸರಿಯಾದ ವಿವರಣೆಯೂ ಇಲ್ಲದೆ ಗುಂಪುಗುಂಪಾಗಿ ಕೂಗಿದರು. ಜಾನ್ ಜೇ ಪಿಟ್‌ಮನ್ ಎಂಬ ಕೊಡಕ್ ಕಂಪನಿಯ ರಸಾಯನ ಇಂಜಿನಿಯರ್ ಮನೆಯ ಮೇಲೆ ಸಾಲ ತೆಗೆದು ಅಲ್ಲಿಗೆ ಹೋಗಿದ್ದ. ಸಂಬಳದ ಮನುಷ್ಯ, ಆದರೆ ಯಾವ ಗುಂಪಿನಲ್ಲಿ ಏನಿದೆಯೆಂದು ಬಲ್ಲವನು. ಅವನು ಕೂಡಿಸಿದ್ದು ಅವನ ಮರಣಾನಂತರ, 1997ರಿಂದ 1999ರವರೆಗೆ, ಮೂರು ಕೋಟಿ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಮನೆ ಅಡವಿಟ್ಟದ್ದನ್ನು ನಾನು ಹೊಗಳಲಾರೆ. ಸಂಸಾರಸ್ಥರು ಅನುಸರಿಸುವ ಮಾರ್ಗ ಅದಲ್ಲ. ಆದರೆ ದೊರೆಗೆ ಕಾಣದ್ದು ಅವನಿಗೆ ಕಂಡಿತೆಂಬುದು ನಿಜ.

ಈಗಿನ ಸಂಗ್ರಹದ ಮೇಲೆ ನನಗಿರುವ ಆಕ್ಷೇಪಣೆಯೂ ಇಲ್ಲೇ ಇದೆ. 1949ರಲ್ಲಿ ವಿಲಿಯಂ ಶೆಲ್ಡನ್ ತಾಮ್ರದ ಸೆಂಟ್ ನಾಣ್ಯಗಳಿಗೆಂದು 1ರಿಂದ 70ರವರೆಗೆ ಒಂದು ಮಾನದಂಡ ರೂಪಿಸಿದ. ಮುಂದೆ ಅದು ಚಿನ್ನಕ್ಕೂ ಬಂತು. 1980ರ ದಶಕದಿಂದ ನಾಣ್ಯಕ್ಕೆ ಅಂಕ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಮುದ್ರೆ ಹಾಕಿಡುವ ಪದ್ಧತಿ ಬೆಳೆಯಿತು. ಮೋಸ ತಪ್ಪಿತು, ಒಪ್ಪುತ್ತೇನೆ. ಆದರೆ ಕೊಳ್ಳುವವರು ನಾಣ್ಯ ಬಿಟ್ಟು ಚೀಟಿಯ ಅಂಕ ಓದತೊಡಗಿದರು. ರಿಜಿಸ್ಟರು ನೋಡಿ ನಾಣ್ಯ ನೋಡದವರ ತಪ್ಪೇ ಇದು, ಮತ್ತೊಂದು ರೂಪದಲ್ಲಿ.

ಈಗಲ್ ನಮ್ಮ ಕೈಗೆಟುಕುವ ವಸ್ತುವಲ್ಲ. ಆದರೆ ಊರಿನಿಂದ ತಂದ ಪೆಟ್ಟಿಗೆಯ ತಳದಲ್ಲಿ ಅಜ್ಜಿಯ ಕಾಲದ ರಾಣಿ ರೂಪಾಯಿ ಒಂದೆರಡು ನಮ್ಮಲ್ಲೂ ಇದ್ದಾವು. ಹಬ್ಬ ಬಂತೆಂದು ಅವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ತಿಕ್ಕಿದರೆ ಹೋಗುವುದು ಕೊಳೆ ಮಾತ್ರವಲ್ಲ. ಟಂಕಸಾಲೆ ಕೊಟ್ಟ ಮೈಯೂ ಹೋಗುತ್ತದೆ. ಫಿಲಡೆಲ್ಫಿಯಾದ ಟಂಕಸಾಲೆಯವರೇ ತಮ್ಮ ಸಂಗ್ರಹದ ಬೆಳ್ಳಿಯ ಪ್ರೂಫ್ ನಾಣ್ಯಗಳನ್ನು ಉಜ್ಜಿ ಕೆಡಿಸಿಕೊಂಡರು. ಮಕ್ಕಳ ಕೈಗೊಂದು ಭೂತಗನ್ನಡಿ ಕೊಟ್ಟು, ಇಸವಿ ಎಷ್ಟು, ಅಂಕಿಯ ಆಕಾರ ಹೇಗಿದೆ ಎಂದು ಕೇಳಿ. ಬೆಲೆ ಎಷ್ಟೆಂದು ಅವರೇ ಕೇಳುತ್ತಾರೆ. ಆ ಉತ್ತರಕ್ಕೆ ಅವಸರವಿಲ್ಲ.