ಕೋಲಿನ ಮೇಲಿನ ಮೊಲ

ಈಜಿಪ್ಟಿನ ಶಿಲ್ಪಗಳಲ್ಲಿ ಮೊಲ ಕಂಡರೆ ಕಿವಿಗಳಿಗೆ ಮರುಳಾಗುವ ಮೊದಲು ಕಾಲ ಕೆಳಗೆ ಏನಿದೆ ನೋಡಿ. ಕೋಲಿನ ತುದಿಯ ಅಡ್ಡಪಟ್ಟಿಯ ಮೇಲೆ ಕೂತಿದ್ದರೆ ಅದು ಒಂದು ಪ್ರಾಂತ್ಯದ ಲಾಂಛನ. ಕೋಲಿಲ್ಲದೆ ಬರಹದ ನಡುವೆ ಕೂತ ಮೊಲ ಸಾಮಾನ್ಯವಾಗಿ ‘ವೆನ್’ ಎಂಬ ಉಚ್ಚಾರದ ಚಿಹ್ನೆ ಅಷ್ಟೇ. ಸಕ್ಕಾರದ ಪಿರಮಿಡ್ಡಿನೊಳಗೆ ಉನಾಸ್ ದೊರೆಯ ಹೆಸರಿನಲ್ಲಿ ಬರುವ ಮೊಲ ಇಂಥದ್ದೇ. ಹೊಸಬರು ಎಡವುವುದು ಇಲ್ಲೇ.

ಪ್ರಾಚೀನ ಈಜಿಪ್ಟಿಗೆ ರೂಢಿಯ ಲೆಕ್ಕದಲ್ಲಿ 42 ಪ್ರಾಂತ್ಯಗಳು. ದಕ್ಷಿಣದಲ್ಲಿ 22, ಉತ್ತರದ ನದೀಮುಖದ ಕಡೆ 20. ದಕ್ಷಿಣದ 15ನೆಯದು ಮೊಲದ ಪ್ರಾಂತ್ಯ. ಅದರ ರಾಜಧಾನಿ ಖ್ಮುನ್, ಇಂದಿನ ಅಲ್ ಅಶ್ಮುನೈನ್. ನೆರೆಯ 16ನೆಯದಕ್ಕೆ ನೀಳ ಕೊಂಬಿನ ಓರಿಕ್ಸ್, ದೂರದ ಥೀಬ್ಸಿಗೆ ದಂಡ. ಎಷ್ಟೋ ಕಡೆ ಕೋಲಿನ ಬುಡದಲ್ಲಿ ಅಡ್ಡಗೆರೆ ಉದ್ದಗೆರೆಗಳ ಚೌಕುಳಿ ಇರುತ್ತದೆ. ಕಾಲುವೆಗಳು ಹೋಳು ಮಾಡಿದ ಹೊಲವದು. ನೀರುಣ್ಣುವ ನೆಲವನ್ನೇ ಅವರು ಪ್ರಾಂತ್ಯ ಎಂದು ಬರೆದರು.

ಕಣ್ಣು ಪಳಗಿಸಿಕೊಳ್ಳಲು ಒಂದೇ ಶಿಲ್ಪ ಸಾಕು: ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿರುವ ಮೆನ್ಕೌರೆಯ ತ್ರಿಮೂರ್ತಿ. ಗೀಜಾದ ಮೂರನೆಯ ಪಿರಮಿಡ್ಡನ್ನು ಕಟ್ಟಿಸಿದ ಈ ದೊರೆಯ ಕಣಿವೆ ದೇಗುಲದಲ್ಲಿ 1908ರಲ್ಲಿ ಜಾರ್ಜ್ ರೈಸ್ನರ್ ತಂಡಕ್ಕೆ ಸಿಕ್ಕಿತು. ಎತ್ತರ ಸುಮಾರು 84 ಸೆಂಟಿಮೀಟರ್. ಚಿತ್ರ ನೋಡಿ ಆಳೆತ್ತರ ಎಂದುಕೊಂಡವರಿಗೆ ನಿರಾಸೆಯಾದೀತು. ನಡುವೆ ಕೂತವಳು ಕೊಂಬು, ಸೂರ್ಯಬಿಂಬ ಹೊತ್ತ ದೇವಿ ಹಾಥೋರ್. ಅವಳು ಅಪ್ಪಿಕೊಂಡಿರುವುದು ದೊರೆಯನ್ನು. ಇನ್ನೊಂದು ಬದಿಗೆ ಎಲ್ಲರಿಗಿಂತ ಸಣ್ಣವಳಾಗಿ ನಿಂತ ಹೆಂಗಸಿನ ತಲೆಯ ಮೇಲೆ, ಹಿಂಬದಿಯ ಚಪ್ಪಡಿಗೆ ಅಂಟಿದಂತೆ, ಕೋಲು ಮತ್ತು ಮೊಲ. ಅವಳೇ ಪ್ರಾಂತ್ಯ. ಮೈ, ಮುಖ ಎಲ್ಲ ಇದ್ದರೂ ಆ ಮೊಲವನ್ನು ಮುಚ್ಚಿದರೆ ಅವಳು ಯಾರೆಂದು ಹೇಳುವಂತಿಲ್ಲ. ಇದರ ಜೊತೆಯ ತ್ರಿಮೂರ್ತಿಗಳು ಕೈರೋದಲ್ಲಿವೆ, ಅವುಗಳಲ್ಲಿ ಥೀಬ್ಸ್ ಪ್ರಾಂತ್ಯ ಗಂಡಸು. ನನ್ನ ಓಟು ಬಾಸ್ಟನ್ನಿನದಕ್ಕೇ. ದೊರೆಯನ್ನು ಪಕ್ಕಕ್ಕೆ ಸರಿಸಿ ದೇವಿಯನ್ನು ನಡುವೆ ಕೂರಿಸುವ ಧೈರ್ಯ ಬೇರೆಯವುಗಳಲ್ಲಿಲ್ಲ.

ಮೊಲವೇ ಏಕೆ? ನಂದಿ, ಇಲಿ, ನವಿಲು ನೋಡಿ ಬೆಳೆದ ನಾವು ತಟ್ಟನೆ ವಾಹನ ಎಂದುಬಿಡುತ್ತೇವೆ. ಅಲ್ಲ. ಖ್ಮುನ್ ಊರಿನ ದೊಡ್ಡ ದೇವರು ಬರಹದ ಒಡೆಯ ಥೋತ್. ಅವನ ಪ್ರಾಣಿಗಳು ಐಬಿಸ್ ಹಕ್ಕಿ ಮತ್ತು ಬಬೂನ್ ಕೋತಿ. ಮೂರನೆಯ ಅಮೆನ್ಹೊಟೆಪ್ ಮಾಡಿಸಿದ ದೈತ್ಯ ಬಬೂನ್‌ಗಳು ಇವತ್ತಿಗೂ ಅಶ್ಮುನೈನ್‌ನಲ್ಲಿ ನಿಂತಿವೆ. ಅಷ್ಟು ದೊಡ್ಡ ದೇವರಿದ್ದೂ ಲಾಂಛನ ಬದಲಾಗಲಿಲ್ಲ. ವೆನೆತ್ ಎಂಬ ಮೊಲದ ದೇವಿಯದೇ ಆ ಜಾಗ. ಮೊಲ ಕಣ್ಣು ಮುಚ್ಚುವುದೇ ಇಲ್ಲ, ಅದಕ್ಕೇ ಅದು ‘ತೆರೆಯುವುದರ’ ಗುರುತು ಎಂದು ಹೊರಾಪೊಲ್ಲೊ ಎಂಬ ಲೇಖಕ ಬರೆದ. ಸೊಗಸಾದ ಮಾತು, ಆದರೆ ಮೆನ್ಕೌರೆಗಿಂತ ಎರಡೂವರೆ ಸಾವಿರ ವರ್ಷಕ್ಕೂ ಈಚಿನದು. ಗ್ರಂಥಾಲಯದಲ್ಲಿ ಓದಿ ಖುಷಿಪಡಿ, ಸಾಕ್ಷಿ ಎನ್ನಬೇಡಿ.

ಇನ್ನು ಹುಡುಕಾಟ. ಕಾರ್ನಾಕ್‌ನ ಬಯಲು ಸಂಗ್ರಹಾಲಯದಲ್ಲಿ ಮೊದಲನೆಯ ಸೆನುಸ್ರೆತ್‌ನ ಶ್ವೇತಮಂಟಪವಿದೆ. ಅದರ ಹೊರಗಿನ ತಳಪಟ್ಟಿಯಲ್ಲಿ ಲಾಂಛನಗಳು ಸಾಲಾಗಿ, ಅಳತೆಗಳ ಸಮೇತ ಕೊರೆದಿವೆ. ದೆಂದೆರಾ, ಎದ್ಫು ದೇಗುಲಗಳಲ್ಲಾದರೆ ಗೋಡೆಯ ತೀರ ಕೆಳಸಾಲಿನಲ್ಲಿ, ತಲೆಯ ಮೇಲೆ ಪ್ರಾಂತ್ಯದ ಗುರುತು ಹೊತ್ತು ಕಾಣಿಕೆ ತರುವವರ ಮೆರವಣಿಗೆ ಇದೆ. ಮಾರ್ಗದರ್ಶಿಗಳು ಮೇಲಿನ ದೊಡ್ಡ ದೇವರುಗಳನ್ನು ತೋರಿಸಿ ಮುಂದೆ ನಡೆಯುತ್ತಾರೆ. ನೀವು ನಿಲ್ಲಿ, ಮೊಣಕಾಲೂರಿ, 15ನೆಯದರವರೆಗೂ ಎಣಿಸಿ.